ಉತ್ಪನ್ನ, ಸೇವೆ ಮತ್ತು ಪರದೇಶದ ಪದವಿ

ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ನಮ್ಮ ಎಂಜಿನಿಯರುಗಳ ಕಣ್ಣಿಗೆ ಈಚೆಗೆ ಒಂದು ಬಗೆಯ ಸ್ನಾತಕೋತ್ತರ ಪದವಿ ಬೀಳುತ್ತಿದೆ: ಉತ್ಪನ್ನ ಮತ್ತು ಸೇವೆಗಳ ನಿರ್ವಹಣೆ. ಪಾಠ ಇಂಗ್ಲಿಷಿನಲ್ಲಿ, ಸಹಪಾಠಿಗಳು ಹಲವು ದೇಶದವರು. ಮನೆಯ ಹಿರಿಯರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಗಿರಾಕಿಯನ್ನು ಅರಿಯುವ ವಿದ್ಯೆ ಕೆಲಸ ಮಾಡುತ್ತಲೇ ಬರುವುದಿಲ್ಲವೇ, ಅದಕ್ಕೆ ಅಷ್ಟು ದೂರ ಹೋಗಬೇಕೇ? ಹೋಗಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಒಂದು ಷರತ್ತಿನ ಮೇಲೆ.

ಮೊದಲು, ಈ ವಿಷಯಕ್ಕೆ ತರಗತಿ ಏಕೆ ಬೇಕು ಎಂಬುದನ್ನು ನೋಡೋಣ. ಯಂತ್ರ ಮಾರುವವನಿಗೆ ಹಳೆಯ ಲೆಕ್ಕದಲ್ಲಿ ಯಂತ್ರ ಕೆಟ್ಟಷ್ಟೂ ಲಾಭ. ಬಿಡಿಭಾಗದ ಹಣ, ರಿಪೇರಿಯ ಹಣ ಎರಡೂ ಅವನಿಗೇ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ತನ್ನ ವೈಪರ್ ಜೆಟ್ ಎಂಜಿನ್ನಿಗೆ ಹಾರಾಟದ ಗಂಟೆಗೆ ಇಷ್ಟು ಎಂದು ನಿರ್ವಹಣೆಯ ದರ ಗೊತ್ತುಮಾಡಿತು. ಮುಂದೆ ರೋಲ್ಸ್ ರಾಯ್ಸ್ ಆ ಕಂಪನಿಯನ್ನು ಕೊಂಡು, ಈ ಪದ್ಧತಿಯನ್ನೂ ಬೆಳೆಸಿತು. ಎಂಜಿನ್ ಹಾರದಿದ್ದರೆ ತಯಾರಕನಿಗೇ ಹಣವಿಲ್ಲ ಎಂದಾದಾಗ ವಿನ್ಯಾಸ ಮಾಡುವವನ ತಲೆಯೇ ಬೇರೆ ದಿಕ್ಕಿಗೆ ತಿರುಗುತ್ತದೆ. ಬಾಳಿಕೆ, ಬಿಚ್ಚಿ ಜೋಡಿಸುವ ಸುಲಭ, ಮುಂಚಿತವಾಗಿ ದೋಷ ಹಿಡಿಯುವುದು, ಇವು ಮಾರಾಟದ ನಂತರದ ಚಿಂತೆಗಳಾಗಿ ಉಳಿಯದೆ ನಕ್ಷೆಯ ಹಂತಕ್ಕೇ ಬಂದುಬಿಡುತ್ತವೆ. ಲಿಖ್ಟೆನ್‌ಸ್ಟೈನ್‌ನ ಹಿಲ್ಟಿ ಕಂಪನಿ ಡ್ರಿಲ್ಲಿಂಗ್ ಯಂತ್ರಗಳನ್ನು ಮಾರುವುದರ ಜೊತೆಗೆ, ಕಟ್ಟಡ ಗುತ್ತಿಗೆದಾರರಿಗೆ ಅವನ್ನು ತಿಂಗಳ ಬಾಡಿಗೆಯ ಮೇಲೆ, ರಿಪೇರಿಯ ಹೊಣೆಸಹಿತ ಕೊಡತೊಡಗಿದ್ದೂ ಇದೇ ಯೋಚನೆಯಿಂದ.

ಕಂಪನಿಯೊಳಗೆ ಕೂತು ಇದನ್ನು ಪೂರ್ತಿ ಕಾಣುವುದು ಕಷ್ಟ. ವಿನ್ಯಾಸದವನು ದೂರಿನ ಕರೆ ಕೇಳಿರುವುದಿಲ್ಲ, ಕರೆ ಸ್ವೀಕರಿಸುವವಳಿಗೆ ಬೆಲೆ ಹೇಗೆ ಕಟ್ಟಿದರೆಂಬುದು ತಿಳಿದಿರುವುದಿಲ್ಲ. ಬ್ಯಾಂಕ್ ಅಧಿಕಾರಿಯಾಗಿದ್ದ ಲಿನ್ ಶೊಸ್ಟಾಕ್ 1984ರಲ್ಲಿ ಸೇವೆಗೂ ನೀಲನಕ್ಷೆ ಬರೆಯಬಹುದೆಂದು ತೋರಿಸಿದರು. ಗಿರಾಕಿಗೆ ಕಾಣುವ ಕೆಲಸ ಮೇಲೆ, ಕಾಣದ ಕೆಲಸ ಕೆಳಗೆ, ನಡುವೆ ಒಂದು ಗೆರೆ. ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ಬೀದಿಬದಿಯ ಬೂಟ್ ಪಾಲಿಶ್ ಒಂದು. ತಪ್ಪು ಬಣ್ಣದ ಪಾಲಿಶ್ ಬಳಿದುಬಿಟ್ಟರೆ ಏನು, ಒರೆಸಿ ಮತ್ತೆ ಬಳಿಯಲು ಎಷ್ಟು ಹೊತ್ತು, ಎಷ್ಟು ತಡವಾದರೆ ಲಾಭ ಮುಗಿಯುತ್ತದೆ ಎಂದೆಲ್ಲ ಅದರಲ್ಲಿ ಲೆಕ್ಕವಿದೆ. ಹೀಗೆ ಇಡೀ ವ್ಯವಹಾರವನ್ನು ಒಂದೇ ಹಾಳೆಯ ಮೇಲೆ ಹರಡಿ ನೋಡುವ ಬಿಡುವು ಕೆಲಸದ ಮೇಜಿನ ಮುಂದೆ ಸಿಗುವುದಿಲ್ಲ, ವಿದ್ಯಾರ್ಥಿಗೆ ಸಿಗುತ್ತದೆ.

ಇನ್ನು ಷರತ್ತು. ಆ ದೇಶದ ಭಾಷೆ ಕಲಿಯದೆ ಈ ಪದವಿಗೆ ಹೋಗಬಾರದು.

ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಯಾವ ಬಂದರಿಗಾದರೂ ಕಳಿಸಬಹುದು. ಸೇವೆ ಹಾಗೆ ಹೋಗುವುದಿಲ್ಲ, ಅದು ಆಯಾ ಊರಿನ ಕಾನೂನು, ರೂಢಿ, ಮಾತುಗಳಿಂದಲೇ ಆದದ್ದು. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಬಿಡುವ ಬಾಟಲಿಗಳ ಮೇಲೂ ಠೇವಣಿ ಕಟ್ಟಬೇಕು, ಈಗ ಅದು 25 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ತೂರಿಸಿದರೆ ಆ ಹಣದ ಚೀಟಿ ಬರುತ್ತದೆ. ಕಾನೂನು, ಅಂಗಡಿ, ತಯಾರಕ, ಯಂತ್ರ ಎಲ್ಲ ಇದ್ದೂ ಮನೆಮಂದಿ ಚೀಲ ಹೊತ್ತು ಬರದಿದ್ದರೆ ಈ ವ್ಯವಸ್ಥೆ ನಿಂತುಹೋಗುತ್ತಿತ್ತು. ಖಾಲಿ ನೀರಿನ ಕ್ಯಾನ್ ಕೊಟ್ಟು ತುಂಬಿದ್ದು ತೆಗೆದುಕೊಳ್ಳುವ, ಗ್ಯಾಸ್ ಸಿಲಿಂಡರಿಗೆ ಠೇವಣಿ ಕಟ್ಟಿದ ಬೆಂಗಳೂರಿನವರಿಗೆ ಇದರ ಒಳಗುಟ್ಟು ಬೇಗ ಅರ್ಥವಾದೀತು. ಆದರೆ ಅಲ್ಲಿನವರು ಅದನ್ನು ಏಕೆ ಒಪ್ಪಿಕೊಂಡರು, ಎಲ್ಲಿ ಗೊಣಗುತ್ತಾರೆ ಎಂಬುದು ಅವರೊಡನೆ ಮಾತಾಡಿದವರಿಗಷ್ಟೇ ತಿಳಿಯುತ್ತದೆ.

ಪಾಠ ಇಂಗ್ಲಿಷಿನಲ್ಲೇ ಇರುವಾಗ ಜರ್ಮನ್ ಏಕೆ ಎನ್ನುವವರಿಗೆ ಕೊನೆಯ ಸೆಮಿಸ್ಟರನ್ನು ತೋರಿಸಬೇಕು. ಎರಡು ವರ್ಷದ ಪದವಿಗೆ 120 ಕ್ರೆಡಿಟ್. ಸಾಮಾನ್ಯವಾಗಿ ಅದರಲ್ಲಿ ಕಾಲುಭಾಗದಷ್ಟು ಪ್ರಬಂಧಕ್ಕೆ ಮೀಸಲು. ಆ ಪ್ರಬಂಧವನ್ನು ಕಂಪನಿಯೊಂದರಲ್ಲಿ ಮಾಡುವ ಅವಕಾಶವೂ ಅನೇಕ ಕಡೆ ಉಂಟು. ದಕ್ಷಿಣ ಜರ್ಮನಿಯ ಸಣ್ಣ ಊರುಗಳಲ್ಲಿ ಜಗತ್ತಿಗೇ ಯಂತ್ರ ಕಳಿಸುವ ಕುಟುಂಬದ ಕಾರ್ಖಾನೆಗಳಿವೆ. ಅಲ್ಲಿ ವ್ಯವಸ್ಥಾಪಕರು ಇಂಗ್ಲಿಷ್ ಆಡಿಯಾರು. ಗಿರಾಕಿಯ ಕಾರ್ಖಾನೆಗೆ ಹೋಗಿ ಎಣ್ಣೆ ಮೆತ್ತಿದ ಕೈಯಿಂದ ದೋಷ ಹುಡುಕುವ ಸರ್ವಿಸ್ ಮೆಕ್ಯಾನಿಕ್ ತನ್ನೂರಿನ ಜರ್ಮನ್‌ನಲ್ಲೇ ಮನಸ್ಸು ಬಿಚ್ಚುತ್ತಾನೆ. ಈ ವಿದ್ಯೆಗೆ ಬೇಕಾದ ಅನುಭವವೆಲ್ಲ ಇರುವುದು ಅವನ ಹತ್ತಿರ.

ಖರ್ಚಿನ ಮಾತೂ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಜೀವನದ ಖರ್ಚು ಬೇರೆ. ಅಷ್ಟು ಹಣ ಹಾಕಿ, ನಮ್ಮವರೇ ಇರುವ ಕೋಣೆಯಲ್ಲಿ ಉಳಿದು, ಇಂಗ್ಲಿಷ್ ಸ್ಲೈಡುಗಳನ್ನು ಓದಿ ಬರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಏಕೆಂದರೆ ಈ ವಿದ್ಯೆಯನ್ನು ಸರಿಯಾಗಿ ಕಲಿತವರು ಇಲ್ಲಿಗೂ ಬೇಕು. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಜರ್ಮನಿಯಿಂದ ಆಮದಾದ ಯಂತ್ರ ನಿಂತರೆ ಮಾಲೀಕ ಬಿಡಿಭಾಗಕ್ಕಾಗಿ, ಎಂಜಿನಿಯರಿಗಾಗಿ ಕಾಯುತ್ತಾನೆ, ಸಾಲದ ಕಂತು ಕಾಯುವುದಿಲ್ಲ. ಆ ಭಾಗವನ್ನು ಎಲ್ಲಿ ದಾಸ್ತಾನಿಡಬೇಕು, ಎಷ್ಟು ಗಂಟೆಯೊಳಗೆ ಉತ್ತರಿಸಬೇಕು ಎಂಬುದನ್ನು ತೀರ್ಮಾನಿಸುವವರು ಜರ್ಮನಿಯ ತಯಾರಕನ ಸೇವಾ ವಿಭಾಗದವರು. ಆ ಮೇಜಿನ ಸುತ್ತ ಕೂರುವವರಲ್ಲಿ ಪೀಣ್ಯದ ಮಾಲೀಕನ ಕನ್ನಡವೂ ಆ ಮೆಕ್ಯಾನಿಕನ ಜರ್ಮನ್ನೂ ಬಲ್ಲವರೊಬ್ಬರು ಇದ್ದರೆ ತೀರ್ಮಾನವೇ ಬೇರೆಯಾದೀತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗಳು ನಡೆಯುತ್ತವೆ. ವಿಶ್ವವಿದ್ಯಾಲಯದ ಅರ್ಜಿಗಿಂತ ಮೊದಲು ತುಂಬಬೇಕಾದ ಅರ್ಜಿ ಅಲ್ಲಿಯದು.