ಫಾರ್ಮ್ಯಾಟಿಗೆ ಮೊದಲು

ರೋಣ, ನರಗುಂದ, ಗಜೇಂದ್ರಗಡಗಳಂಥ ಊರುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಕಂಪ್ಯೂಟರೊಂದು ತನ್ನ ಹಾರ್ಡ್ ಡಿಸ್ಕನ್ನು ತಾನೇ ಗುರುತಿಸದೆ ಮೊಂಡುಹಿಡಿದಾಗ, ಅದರ ಒಡೆಯನಿಗೆ ಸಾಮಾನ್ಯವಾಗಿ ದೊರೆಯುವ ಪರಿಹಾರ ಫಾರ್ಮ್ಯಾಟ್ ಒಂದೇ. ಯಂತ್ರ ಮತ್ತೆ ಓಡಬೇಕೆಂಬುದಷ್ಟೇ ಉದ್ದೇಶವಾದರೆ ಇದನ್ನು ಆಕ್ಷೇಪಿಸಲಾಗದು. ಆದರೆ ಯಂತ್ರವನ್ನು ಪೇಟೆಯಲ್ಲಿ ಕೊಳ್ಳಬಹುದು, ಅದರೊಳಗಿನ ಬರಹವನ್ನು ಕೊಳ್ಳಲಾಗದು ಎಂಬ ಭೇದವನ್ನು ಮರೆತು ಮಾಡಿದ ಕೆಲಸವನ್ನು ದುರಸ್ತಿಯೆನ್ನಲು ನನಗೆ ಮನಸ್ಸೊಪ್ಪದು.

ಡಿಸ್ಕು ತೆರೆಯದಿರುವುದಕ್ಕೂ ಡಿಸ್ಕು ಕೆಟ್ಟಿರುವುದಕ್ಕೂ ಅಂತರವುಂಟು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಕೆಲವು ವರ್ಷಗಳ ತರುವಾಯ ಬರಿದಾದರೆ, ಕರೆಂಟು ಹೋಗಿ ಬಂದ ಮೇಲೆ ಯಂತ್ರವು ತಾರೀಖನ್ನಷ್ಟೇ ಅಲ್ಲದೆ ಡಿಸ್ಕಿನೊಡನೆ ಯಾವ ವಿಧಾನದಲ್ಲಿ ವ್ಯವಹರಿಸುತ್ತಿದ್ದಿತೆಂಬುದನ್ನೂ ಮರೆತು, ನಿರ್ದೋಷವಾದ ಡಿಸ್ಕಿನಿಂದಲೂ ವಿಂಡೋಸನ್ನು ಎಬ್ಬಿಸಲಾರದೆ ಹೋಗುವುದುಂಟು. ಆದುದರಿಂದ ತಾರೀಖು ಹಿಂದಕ್ಕೆ ಸರಿದಿದೆಯೇ ಎಂಬುದನ್ನೇ ಮೊದಲು ಪರೀಕ್ಷಿಸತಕ್ಕದ್ದು. ಹಳೆಯ ಐಡಿಇ ಡಿಸ್ಕಾದರೆ ಅದರ ಅಗಲವಾದ ಪಟ್ಟಿ ಕೇಬಲು ಸಡಿಲವಾಗಿರಬಹುದು, ಜಂಪರು ಸ್ಥಾನ ತಪ್ಪಿರಬಹುದು. ಎರೆಮಣ್ಣಿನ ಸೀಮೆಯಲ್ಲಿ ಧೂಳಿನ ಪಾತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಳಿಕ ಡಿಸ್ಕನ್ನು ಕಳಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಅಲ್ಲಿ ವಿಂಡೋಸು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡವೆನ್ನುವುದೇ ವಿವೇಕ, ಏಕೆಂದರೆ ಅನೇಕ ವೇಳೆ ಹಾಳಾಗಿರುವುದು ಕಡತಗಳಲ್ಲ, ಅವು ಎಲ್ಲೆಲ್ಲಿವೆಯೆಂದು ತಿಳಿಸುವ ಪಟ್ಟಿ ಮಾತ್ರ.

ಟಕ್ ಟಕ್ ಎಂಬ ಸದ್ದು ಕೇಳಿಬಂದರೆ ಮಾತೇ ಬೇರೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಸಾವಿರಾರು ಪಾಲು ಕಿರಿದಾದ ಅಂತರದಲ್ಲಿ ತೇಲಬೇಕಾದ ಹೆಡ್ಡು ದಾರಿ ತಪ್ಪಿರುವ ಸಂಭವವಿರುವುದರಿಂದ, ಆಗ ಮತ್ತೆ ಮತ್ತೆ ಚಾಲೂ ಮಾಡುವುದು ಉಳಿದುದನ್ನೂ ಕೆರೆದು ತೆಗೆದಂತೆಯೇ ಸರಿ. ಸದ್ದಿಲ್ಲದಿದ್ದರೂ ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ತೆಗೆದುಕೊಂಡು, ಚೆಕ್‌ಡಿಸ್ಕ್ ಮೊದಲಾದ ಪ್ರಯೋಗಗಳನ್ನು ಮೂಲದ ಮೇಲಲ್ಲದೆ ಆ ಪ್ರತಿಯ ಮೇಲೆ ನಡೆಸುವುದು ಕ್ಷೇಮ.

ಇಷ್ಟು ಶ್ರಮವೇಕೆಂದು ಕೇಳುವವರಿದ್ದಾರೆ. ಹೊಲದ ಪಹಣಿಯಾದರೆ ಭೂಮಿ ಯೋಜನೆಯ ದೆಸೆಯಿಂದ ಸರಕಾರದ ಬಳಿಯಿದೆ. ಗಜೇಂದ್ರಗಡದ ನೇಕಾರನ ಲೆಕ್ಕ, ಕಾಲಕಾಲೇಶ್ವರ ಜಾತ್ರೆಯ ಕರಪತ್ರ, 1858ರ ನರಗುಂದದ ಬಂಡಾಯವನ್ನೋ 1980ರ ರೈತ ಹೋರಾಟವನ್ನೋ ಕುರಿತು ಊರಿನ ಹಿರಿಯರೊಬ್ಬರು ಬರೆಸಿಟ್ಟ ಟಿಪ್ಪಣಿ, ಇವುಗಳಿಗೆ ಅಂಥ ಆಶ್ರಯವೆಲ್ಲಿ? ಅದರಲ್ಲಿಯೂ ಯುನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪು ಮಾಡಿದ ಕಡತಗಳಿಗೆ ಆಯಾ ಫಾಂಟೇ ಬೇಕು. ಅದಿಲ್ಲದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುವುದರಿಂದ, ಬದುಕಿ ಬಂದ ಕಡತವನ್ನೂ ಕೆಟ್ಟಿತೆಂದು ಅಳಿಸಿಬಿಡುವ ಅಪಾಯವಿದೆ. ಕಡತಗಳೊಡನೆ ಹಳೆಯ ಫಾಂಟುಗಳನ್ನೂ ಪ್ರತಿ ಮಾಡಿಕೊಳ್ಳಬೇಕೆಂಬ ಸಣ್ಣ ಸಂಗತಿ ದುರಸ್ತಿಯವರ ನೆನಪಿಗೆ ಬರುವುದು ಅಪರೂಪ.

ದುರಸ್ತಿಯ ಹುಡುಗರನ್ನು ನಾನು ದೂರುವುದಿಲ್ಲ. ಅರ್ಧ ಗಂಟೆಯ ಫಾರ್ಮ್ಯಾಟಿಗೂ ಎರಡು ದಿನದ ಪ್ರತಿಗೂ ಒಂದೇ ಕೂಲಿ ಕೊಡುವ ಗಿರಾಕಿ ನಾವೇ. ಎರಡಕ್ಕೂ ಬೇರೆ ಬೇರೆ ದರವನ್ನು ಅಂಗಡಿಯ ಗೋಡೆಯ ಮೇಲೆ ಬರೆದು, ಡಾಟಾ ಬೇಕೋ ಬೇಡವೋ ಎಂಬುದನ್ನು ರಸೀದಿಯಲ್ಲಿಯೇ ನಮೂದಿಸಿ ಒಡೆಯನ ಸಹಿ ಪಡೆಯುವ ಪದ್ಧತಿ ಈ ಮೂರು ಊರುಗಳಲ್ಲಿ ಬಂದೀತಾದರೆ, ದುಬಾರಿಯಾದ ಪ್ರತಿಯನ್ನು ಕೇಳಿ ಪಡೆಯುವವರೂ ಇದ್ದೇ ಇರುವರು.