ಸೆನ್ಸರ್ ಷೇರು ಕೊಳ್ಳುವ ಮುನ್ನ
ವಾಚು, ಫ್ರಿಜ್ಜು, ಬೀದಿದೀಪ ಎಲ್ಲವೂ ಇಂಟರ್‌ನೆಟ್ಟಿಗೆ ಸೇರಿಕೊಳ್ಳುತ್ತಿವೆ, ಎಲ್ಲಕ್ಕೂ ಸೆನ್ಸರ್ ಬೇಕು, ಹಾಗಾಗಿ ಸೆನ್ಸರ್ ತಯಾರಕರ ಷೇರು ಕೊಂಡಿಡಿ ಎನ್ನುತ್ತಾರೆ. ಮೊದಲೆರಡು ಮಾತು ಸರಿ, ಮೂರನೆಯದಕ್ಕೆ ಸ್ವಲ್ಪ ತಡೆಯಿರಿ. ಕ್ಯಾಲಿಫೋರ್ನಿಯಾದ ಇನ್ವೆನ್‌ಸೆನ್ಸ್ ಕಥೆ ನೋಡಿ. ಫೋನು ವಾಲಿದ್ದು, ತಿರುಗಿದ್ದು ಗುರುತಿಸುವ ಚಿಪ್ಪು ಅದರ ಸರಕು. 2011ರ ನವೆಂಬರಿನಲ್ಲಿ 7.50 ಡಾಲರಿಗೆ ಷೇರು ಮಾರುಕಟ್ಟೆಗೆ ಬಂತು. 2014ರಲ್ಲಿ ಐಫೋನ್ 6ರೊಳಗೆ ಅದರ ಚಿಪ್ಪು ಕಂಡಾಗ ಹೂಡಿಕೆದಾರರಿಗೆ ಹಬ್ಬ. ಷೇರು ಆ ವರ್ಷ 20 ಡಾಲರ್ ದಾಟಿತ್ತು. ಆದರೆ ಕೋಟಿಗಟ್ಟಲೆ ಕೊಳ್ಳುವ ಗಿರಾಕಿ ಚೌಕಾಸಿಯನ್ನೂ ಅಷ್ಟೇ ಜೋರಾಗಿ ಮಾಡುತ್ತಾನೆ. ಮಾರಾಟ ಹೆಚ್ಚಿತು, ಲಾಭ ತೆಳುವಾಯಿತು. ಕೊನೆಗೆ 2017ರಲ್ಲಿ ಜಪಾನಿನ ಟಿಡಿಕೆ ಷೇರಿಗೆ 13 ಡಾಲರಿನಂತೆ ಇಡೀ ಕಂಪನಿಯನ್ನೇ ಕೊಂಡಿತು. ಮೊದಲೇ ಕೊಂಡವರು ಗೆದ್ದರು, ಐಫೋನ್ ಸುದ್ದಿ ಕೇಳಿ ಓಡಿಬಂದವರು ಕೈಸುಟ್ಟುಕೊಂಡರು. ಹಾಗಾದರೆ ದೊಡ್ಡ ಮನೆತನವೇ ವಾಸಿ, ಬಾಷ್ ಕೊಳ್ಳೋಣ ಎನ್ನುವವರೂ ಇದ್ದಾರೆ. ಫೋನಿನ ಸೆನ್ಸರ್ ಮಾಡುವುದು ಜರ್ಮನಿಯ ಮೂಲ ಬಾಷ್ ಬಳಗ. ಅದು ಷೇರುಪೇಟೆಯಲ್ಲೇ ಇಲ್ಲ, ಒಡೆತನದ ಬಹುಪಾಲು ಒಂದು ದತ್ತಿ ಸಂಸ್ಥೆಯದು. ನಮ್ಮ ಪೇಟೆಯಲ್ಲಿ ಸಿಗುವ ಬೆಂಗಳೂರಿನ ಬಾಷ್ ಲಿಮಿಟೆಡ್ ಮುಖ್ಯವಾಗಿ ವಾಹನದ ಬಿಡಿಭಾಗಗಳ ಕಂಪನಿ. ಹೆಸರು ಒಂದೇ, ವ್ಯಾಪಾರ ಬೇರೆ. ನನ್ನನ್ನು ಕೇಳಿದರೆ, ಎಷ್ಟು ಸೆನ್ಸರ್ ಮಾರಿದರು ಎಂಬ ಲೆಕ್ಕ ಬದಿಗಿಟ್ಟು, ಒಂದೇ ಗಿರಾಕಿಯಿಂದ ಎಷ್ಟು ಪಾಲು ಆದಾಯ ಬರುತ್ತದೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ಮೊದಲು ಹುಡುಕುತ್ತೇನೆ.