ಕಷಾಯಕ್ಕಿಂತ ಮೊದಲು ಕಳೆ

ಮಳೆಗಾಲ ಕಾಲಿಟ್ಟು ತಿಂಗಳೆರಡು ಕಳೆಯುವಷ್ಟರಲ್ಲಿ ಪುಣೆಯ ಅನೇಕ ಕನ್ನಡಿಗರ ಮನೆಗಳಲ್ಲಿ ಸೀನಿನ ಸರಮಾಲೆ ಆರಂಭವಾಗುತ್ತದೆ. ಮೂಗಿನಲ್ಲಿ ನೀರು, ಕಣ್ಣಿನಲ್ಲಿ ತುರಿಕೆ, ಕೆಲವರಿಗೆ ರಾತ್ರಿಯ ಹೊತ್ತು ಉಬ್ಬಸ. 'ಈ ಊರಿನ ನೀರು ಒಗ್ಗಲಿಲ್ಲ' ಎಂದು ಹಿರಿಯರು ತೀರ್ಮಾನ ನೀಡುತ್ತಾರೆ; ಒಲೆಯ ಮೇಲೆ ಕಷಾಯದ ಪಾತ್ರೆ ಏರುತ್ತದೆ. ಒಗ್ಗದಿರುವುದೇನೋ ನಿಜ. ಆದರೆ ನೀರನ್ನು ದೂರಿ ಫಲವಿಲ್ಲ. ಬಹುಮಂದಿಯ ಪಾಲಿಗೆ ಒಗ್ಗದ ವಸ್ತು ಗಾಳಿಯಲ್ಲಿ ತೇಲುವ ಪರಾಗ. ಅದನ್ನು ಶತ್ರುವೆಂದು ಬಗೆದು ದೇಹ ಹೂಡುವ ಅನಗತ್ಯ ಯುದ್ಧಕ್ಕೇ ಅಲರ್ಜಿ ಎಂದು ಹೆಸರು.

ಈ ಪರಾಗದ ಮೂಲಗಳಲ್ಲಿ ಮುಖ್ಯವಾದುದೊಂದು ಪಾರ್ಥೇನಿಯಂ. ಮರಾಠಿ ನೆರೆಯವರು ಇದನ್ನು ಗಾಜರ ಗವತ ಎನ್ನುತ್ತಾರೆ, ಕನ್ನಡಿಗರು ಕಾಂಗ್ರೆಸ್ ಗಿಡ ಎನ್ನುತ್ತಾರೆ. ರಾಜಕೀಯಕ್ಕೂ ಸೀನಿಗೂ ಏನು ನಂಟೆಂದು ಕೇಳಬಾರದು. ಅಮೆರಿಕದ ಉಷ್ಣವಲಯದ ಈ ಕಳೆ ಭಾರತದಲ್ಲಿ ಹಬ್ಬತೊಡಗಿದ್ದು ಗಮನಕ್ಕೆ ಬಂದದ್ದು 1950ರ ದಶಕದ ನಡುವಿನಲ್ಲಿ, ಅದೂ ಪುಣೆಯಲ್ಲಿಯೇ. ಮುಂದೆ ಕರ್ನಾಟಕವನ್ನೂ ವ್ಯಾಪಿಸಿತು. ಇದರ ಎಲೆ ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಕೈಲಾದಷ್ಟು ತಿಂದಿತು, ಗಿಡವಂತೂ ಉಳಿದಿದೆ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬೀಜ ಉದುರಿಸುವಾಗ ಬೇರೇನಾದೀತು?

ಆದ್ದರಿಂದ ಪ್ರಕೃತಿಸಹಜ ಉಪಾಯವೆಂಬುದು ಅಡಿಗೆಮನೆಗಿಂತ ಮೊದಲು ಅಂಗಳದಲ್ಲಿ ಆರಂಭವಾಗತಕ್ಕದ್ದು. ಮೊಳೆತ ತಿಂಗಳು ಒಂದೂವರೆ ತಿಂಗಳಿನಲ್ಲಿ ಇದು ಹೂ ಬಿಡುತ್ತದೆ. ಅದಕ್ಕೆ ಮುನ್ನ, ಮಣ್ಣು ಹಸಿಯಾಗಿರುವಾಗ, ಬೇರುಸಹಿತ ಕೀಳಬೇಕು. ತೆರವಾದ ಜಾಗದಲ್ಲಿ ತಗಚೆಯ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಕಳೆಯನ್ನು ಅಡಗಿಸುತ್ತದೆ. ಕೀಳುವವರಿಗೆ ಕೈಚೀಲವೂ ಮೂಗಿಗೆ ಬಟ್ಟೆಯೂ ಅವಶ್ಯ. ಅಲರ್ಜಿಯುಳ್ಳವರು ದೂರವಿರುವುದೇ ಲೇಸು. ರಾಜ್ಯೋತ್ಸವಕ್ಕೆ ತಿಂಗಳುಗಟ್ಟಲೆ ಸಿದ್ಧತೆ ನಡೆಸುವ ಕನ್ನಡ ಸಂಘಗಳು ಜುಲೈ ತಿಂಗಳ ಒಂದು ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಡಬಾರದೇಕೆ?

ಮನೆಯೊಳಗಿನ ಉಪಾಯಗಳೂ ಸರಳವೇ. ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ಹೂವಿನ ಕಾಲದಲ್ಲಿ ಹಾಸಿಗೆಯ ಹೊದಿಕೆಗಳನ್ನು ಕಳೆಯ ಬಯಲಿನತ್ತ ಒಣಹಾಕದಿರುವುದು. ಹಠಯೋಗದ ಷಟ್ಕರ್ಮಗಳಲ್ಲೊಂದಾದ ನೇತಿಯ ಜಲರೂಪವನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ: ಕಾಲು ಲೀಟರ್ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿ ಮೂಗು ತೊಳೆದರೆ ಅಂಟಿದ ಪರಾಗ ಹೊರಬೀಳುತ್ತದೆ. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ನಲ್ಲಿಯ ನೀರನ್ನು ನೇರವಾಗಿ ಮೂಗಿಗೇರಿಸುವುದು ಅಪಾಯ. ವಿರಳವಾದರೂ ಪ್ರಾಣಕ್ಕೆರವಾಗುವ ಸೋಂಕು ಅದರಿಂದ ತಗಲಬಹುದು.

ಶುಂಠಿ, ತುಳಸಿ, ಮೆಣಸಿನ ಕಷಾಯವನ್ನು ನಿಂದಿಸಬೇಕಾಗಿಲ್ಲ. ಕೆರೆಯುವ ಗಂಟಲಿಗೆ ಅದು ಹಿತ, ತವರನ್ನು ನೆನಪಿಸುವ ಮನಸ್ಸಿಗೂ ಹಿತ. ಆದರೆ ಅದು ಅಲರ್ಜಿಯ ಬೇರನ್ನು ಮುಟ್ಟುವುದಿಲ್ಲ. ಜೇನುತುಪ್ಪದ ಬಗೆಗೂ ನಂಬಲರ್ಹ ಆಧಾರವಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಷ್ಟವೇನೂ ಇರಲಿಲ್ಲ. 'ಇಂಗ್ಲಿಷ್ ಔಷಧಿ ಅಭ್ಯಾಸವಾದೀತು' ಎಂಬ ಅಂಜಿಕೆಯಿಂದ ಉಬ್ಬಸದ ಮಗುವಿನ ಇನ್‌ಹೇಲರ್ ನಿಲ್ಲಿಸಿ ಕಷಾಯ ಕುಡಿಸುವ ಮನೆಗಳಿವೆ, ಕೇಡಿರುವುದು ಅಲ್ಲಿ. ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ಮಗು ಉಸಿರೆಳೆದಾಗ ಪಕ್ಕೆಲುಬುಗಳ ನಡುವಣ ಚರ್ಮ ಒಳಸೇದಿದರೆ, ಒಂದು ವಾಕ್ಯ ಪೂರ್ತಿ ಆಡಲು ಏದುಸಿರು ಬಿಟ್ಟರೆ, ಒಲೆ ಹಚ್ಚುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.